ಕಪ್ಪು ದ್ರವ್ಯಕ್ಕಾಗಿ ಕಾದಿರುವ ಗಣಿಗಳು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸಂಡೂರಿನ ಅದಿರು ಎಷ್ಟು ಮುಖ್ಯವೋ ಆಮ್ಲಜನಕವೂ ಅಷ್ಟೇ ಮುಖ್ಯ. ಕರಗಿದ ಕಬ್ಬಿಣದಲ್ಲಿ ಉಳಿದಿರುವ ಇಂಗಾಲವನ್ನು ಸುಟ್ಟು ತೆಗೆದರೆ ಮಾತ್ರ ಅದು ಉಕ್ಕಾಗುತ್ತದೆ. ಅದಕ್ಕೆ ಬೇಕಾದ ಶುದ್ಧ ಆಮ್ಲಜನಕವನ್ನು ಗಾಳಿಯಿಂದಲೇ ತೆಗೆಯುತ್ತಾರೆ. ಗಾಳಿಯನ್ನು ಸೊನ್ನೆಗಿಂತ ಸುಮಾರು 190 ಡಿಗ್ರಿ ಕೆಳಗೆ ತಣಿಸಿ ದ್ರವವಾಗಿಸಿ, ಒಂದೊಂದೇ ಅನಿಲವನ್ನು ಬೇರ್ಪಡಿಸುತ್ತಾರೆ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಇಲ್ಲಿಂದ ಟ್ಯಾಂಕರುಗಳಲ್ಲಿ ಆಸ್ಪತ್ರೆಗಳಿಗೆ ಹೊರಟದ್ದು ಹೀಗೆ ತಯಾರಾದ ಆಮ್ಲಜನಕವೇ. ಜಗತ್ತಿನ ಕೆಲವು ದೊಡ್ಡ ಉಕ್ಕಿನ ಕಾರ್ಖಾನೆಗಳ ಇಂಥ ಘಟಕಗಳಲ್ಲಿ ಆಮ್ಲಜನಕ, ಸಾರಜನಕ, ಆರ್ಗಾನ್‌ಗಳ ಜೊತೆಗೆ ಇನ್ನೊಂದು ಅನಿಲವನ್ನೂ ಹಿಡಿದಿಡುತ್ತಾರೆ. ಅದೇ ಕ್ಸೆನಾನ್. ಒಂದು ಕೋಟಿ ಲೀಟರ್ ಗಾಳಿಯನ್ನು ಜಾಲಾಡಿದರೂ ಅದು ಒಂದು ಲೀಟರ್ ಸಿಗುವುದಿಲ್ಲ.

ಇಷ್ಟು ಅಪರೂಪದ ಅನಿಲವನ್ನು ಹತ್ತು ಟನ್‌ನಷ್ಟು ಕೂಡಿಸಿ, ದ್ರವವಾಗಿಸಿ, ಅಮೆರಿಕದ ಸೌತ್ ಡಕೋಟಾ ರಾಜ್ಯದ ಹೋಮ್‌ಸ್ಟೇಕ್ ಎಂಬ ಮುಚ್ಚಿದ ಚಿನ್ನದ ಗಣಿಯೊಳಗೆ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಇಟ್ಟಿದ್ದಾರೆ. ಲಕ್ಸ್-ಜೆಪ್ಲಿನ್ ಎಂಬ ಈ ಪ್ರಯೋಗ ಕಾಯುತ್ತಿರುವುದು ಕಪ್ಪು ದ್ರವ್ಯದ, ಅಂದರೆ ಬೆಳಕು ಕೊಡದೆ ಎಳೆತದಿಂದ ಮಾತ್ರ ಗೊತ್ತಾಗುವ ಡಾರ್ಕ್ ಮ್ಯಾಟರ್‌ನ, ಒಂದು ಕಣ ಬಂದು ಕ್ಸೆನಾನ್ ಪರಮಾಣುವೊಂದಕ್ಕೆ ತಾಗುವ ಗಳಿಗೆಗಾಗಿ. ಅಂಥ ಗಳಿಗೆ ಇಂದಿಗೂ ಬಂದಿಲ್ಲ. ಆದರೂ ಈ ಕಾಯುವಿಕೆ ಈ ಕಾಲದ ಅತ್ಯಂತ ಫಲವತ್ತಾದ ವಿಜ್ಞಾನಗಳಲ್ಲೊಂದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಕಸುಬು, ಸಾಮಾನು, ಜಾಗ ಎಲ್ಲವೂ ಅಗೆಯುವ, ಕರಗಿಸುವ, ಕಲ್ಲು ಒಡೆಯುವ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಜನರಿಗೆ ಬಹಳ ಹತ್ತಿರದವು.

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಸಿರುಗುಪ್ಪದ ಕಡೆಯ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ನೇರವಾಗಿ ಕೇಳಿದ್ದಳು: “ಕಾಣುವುದಿಲ್ಲ, ಕೈಗೆ ಸಿಕ್ಕಿಲ್ಲ, ಆದರೂ ಇದೆ ಎನ್ನುತ್ತೀರಿ. ಹಾಗಾದರೆ ಇದು ಬರೀ ನಂಬಿಕೆಯಲ್ಲವೇ ಸರ್?” ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಆಕಾಶದಲ್ಲಿದೆ.

1933ರಲ್ಲಿ ಫ್ರಿಟ್ಜ್ ಜ್ವಿಕಿ ಎಂಬ ವಿಜ್ಞಾನಿ ಕೋಮಾ ಎಂಬ ಗ್ಯಾಲಕ್ಸಿಗಳ ಗುಂಪನ್ನು ಪರಿಶೀಲಿಸಿದ. ಅಲ್ಲಿನ ಗ್ಯಾಲಕ್ಸಿಗಳು ಓಡುತ್ತಿದ್ದ ವೇಗಕ್ಕೆ ಗುಂಪು ಎಂದೋ ಚದುರಿ ಹೋಗಬೇಕಿತ್ತು. ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕ ಅದನ್ನು ಹಿಡಿದಿಡಲು ಏನೇನೂ ಸಾಲದು. 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಒಂದೊಂದೇ ಗ್ಯಾಲಕ್ಸಿಯ ಒಳಗೆ ನೋಡಿದರು. ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ಇಳಿಯುವ ಹಾಗೆ, ಗ್ಯಾಲಕ್ಸಿಯ ನಡುವಿನಿಂದ ದೂರ ಹೋದಂತೆ ಅಲ್ಲಿನ ವೇಗವೂ ಇಳಿಯಬೇಕಿತ್ತು. ಇಳಿಯಲಿಲ್ಲ. ಅಂಚಿನಲ್ಲೂ ಅದೇ ವೇಗ. ಬೆಳಕು ಕೊಡದ, ಆದರೆ ಎಳೆತ ಇರುವ ಏನೋ ಒಂದು ಗ್ಯಾಲಕ್ಸಿಯನ್ನು ಸುತ್ತುವರಿದಿದೆ ಎಂದಲ್ಲದೆ ಇದಕ್ಕೆ ಬೇರೆ ಸರಳ ವಿವರಣೆ ಸಿಗುವುದಿಲ್ಲ. ಬ್ರಹ್ಮಾಂಡದ ಬಾಲ್ಯದಿಂದ ಹೊರಟ ಮಂದ ವಿಕಿರಣವನ್ನು ಪ್ಲಾಂಕ್ ಉಪಗ್ರಹ ಅಳೆದ ಮೇಲೆ ಲೆಕ್ಕ ಇನ್ನೂ ಬಿಗಿಯಾಯಿತು. ನಾವು ಬಲ್ಲ ಎಲ್ಲ ಪರಮಾಣುಗಳೂ ಸೇರಿ ವಿಶ್ವದ ಶೇ. 5ರಷ್ಟು, ಕಪ್ಪು ದ್ರವ್ಯ ಸುಮಾರು ಶೇ. 27. ಮಿಕ್ಕದ್ದು ಕಪ್ಪು ಶಕ್ತಿ; ಅದು ಬೇರೆಯೇ ಕಥೆ.

ಇದೆ ಎಂದು ಗೊತ್ತು, ಏನು ಎಂದು ಗೊತ್ತಿಲ್ಲ. ಈ ಸ್ಥಿತಿ ನಮ್ಮ ಸೀಮೆಯ ಚರಿತ್ರೆಗೆ ಹೊಸದಲ್ಲ. ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜನ ಶಾಸನಗಳಿದ್ದವು. ಆತ ಮೌರ್ಯ ದೊರೆ ಅಶೋಕನೇ ಇರಬೇಕೆಂದು ಸಿಂಹಳದ ಗ್ರಂಥಗಳನ್ನು ತಾಳೆ ನೋಡಿ ವಿದ್ವಾಂಸರು ತರ್ಕಿಸಿದ್ದರು. ತರ್ಕ ಬಲವಾಗಿಯೇ ಇತ್ತು, ಆದರೆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಅಕ್ಷರಗಳೇ ಇದ್ದವು. ಕಪ್ಪು ದ್ರವ್ಯದ ಪಾಲಿನ ಮಸ್ಕಿ ಶಾಸನ ಇನ್ನೂ ಸಿಗಬೇಕಾಗಿದೆ. ಅದನ್ನು ಹುಡುಕುತ್ತಿರುವವರೂ ಗಣಿಗಳಲ್ಲೇ ಇದ್ದಾರೆ.

ಹುಡುಕಾಟ ಎಷ್ಟು ಕಷ್ಟ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ನಮ್ಮ ಸುತ್ತಮುತ್ತ ಕಪ್ಪು ದ್ರವ್ಯ ಎಷ್ಟು ದಟ್ಟವಾಗಿದೆ ಎಂದು ಗ್ಯಾಲಕ್ಸಿಯ ಚಲನೆಯಿಂದ ಅಂದಾಜು ಮಾಡಿದ್ದಾರೆ. ಅದರ ಪ್ರಕಾರ, ಇಡೀ ಭೂಮಿಯಷ್ಟು ಗಾತ್ರದ ಜಾಗದಲ್ಲಿ ಯಾವುದೇ ಕ್ಷಣಕ್ಕೆ ಇರುವ ಕಪ್ಪು ದ್ರವ್ಯದ ತೂಕ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೇ. ಒಂದೊಂದು ಕಣವೂ ನೂರು ಪ್ರೋಟಾನ್‌ಗಳಷ್ಟು ಭಾರವಾಗಿದೆ ಎಂದುಕೊಂಡರೆ, ನಿಮ್ಮ ಮೇಜಿನ ಮೇಲಿನ ಒಂದು ಲೀಟರ್ ನೀರಿನ ಬಾಟಲಿಯಲ್ಲಿ ಈಗ ಅಂಥ ಮೂರು ಕಣಗಳಿವೆ. ಆದರೆ ಸೂರ್ಯ ನಮ್ಮನ್ನೆಲ್ಲ ಕಟ್ಟಿಕೊಂಡು ಗ್ಯಾಲಕ್ಸಿಯ ಸುತ್ತ ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಹಾಗಾಗಿ ಆ ಮೂರು ಕಣಗಳು ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನೂರಾರು ಕಿಲೋಮೀಟರ್ ಆಚೆ ಹೋಗಿ, ಅವುಗಳ ಜಾಗಕ್ಕೆ ಬೇರೆ ಬಂದು, ಅವೂ ಹೋಗಿರುತ್ತವೆ. ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಒಂದು ಸೆಕೆಂಡಿನಲ್ಲಿ ದಾಟುವ ಕಣಗಳು ಅರವತ್ತು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಯಾವುದೂ ನಮ್ಮನ್ನು ಮುಟ್ಟುವುದಿಲ್ಲ.

ಎಂದೋ ಒಮ್ಮೆ ಮುಟ್ಟಬಹುದು ಎಂಬುದೇ ಈ ಪ್ರಯೋಗಗಳ ಆಸೆ. ಭಾರವಾದ, ಆದರೆ ಇತರ ದ್ರವ್ಯದೊಡನೆ ಬಹಳ ಕಡಿಮೆ ಒಡನಾಡುವ ಇಂಥ ಕಾಲ್ಪನಿಕ ಕಣಕ್ಕೆ ‘ವಿಂಪ್’ ಎಂದು ಹೆಸರು. ಅದು ಬಂದು ಪರಮಾಣುವಿನ ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದರೆ ನ್ಯೂಕ್ಲಿಯಸ್ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಆ ಸರಿತದಲ್ಲಿ ಅತಿ ಸಣ್ಣ ಬೆಳಕೋ, ವಿದ್ಯುತ್ತೋ, ಶಾಖವೋ ಹುಟ್ಟುತ್ತದೆ. ಹಿಡಿಯಬೇಕಾದದ್ದು ಅದನ್ನೇ.

ಆದರೆ ಭೂಮಿಯ ಮೇಲೆ ಸದ್ದು ಬಹಳ. ಅಂಗೈ ಚಾಚಿ ನಿಲ್ಲಿ: ಆಕಾಶದ ವಿಶ್ವಕಿರಣಗಳಿಂದ ಹುಟ್ಟಿದ ಮ್ಯುಯಾನ್ ಕಣವೊಂದು ಸೆಕೆಂಡಿಗೆ ಒಂದರಂತೆ ನಿಮ್ಮ ಅಂಗೈಯನ್ನು ತೂರಿ ಹೋಗುತ್ತಿರುತ್ತದೆ. ಬಯಲಿನಲ್ಲಿ ಇಟ್ಟ ಶೋಧಕಕ್ಕೆ ಈ ಗದ್ದಲದಲ್ಲಿ ಬೇರೇನೂ ಕೇಳಿಸುವುದಿಲ್ಲ. ಅದಕ್ಕೇ ಕಲ್ಲಿನ ಅಡಿಗೆ ಇಳಿಯುವುದು. ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದ ಕೆಳಗೆ, 1,400 ಮೀಟರ್ ಬಂಡೆಯ ಅಡಿಯಲ್ಲಿ, ಮ್ಯುಯಾನ್‌ಗಳು ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಅಷ್ಟು ಆಳದ ಗುಂಡಿಯನ್ನು ವಿಜ್ಞಾನಕ್ಕೆಂದೇ ತೋಡಲು ಯಾರ ಬಳಿಯೂ ಹಣವಿಲ್ಲ; ಹಾಗಾಗಿ ಗಣಿಗಳ ಬೆನ್ನು ಹತ್ತಿದರು. ಕೆನಡಾದ ಸ್ನೋಲ್ಯಾಬ್ ಇರುವುದು ನಿಕಲ್ ಗಣಿಯಲ್ಲಿ, ಎರಡು ಕಿಲೋಮೀಟರ್ ಆಳದಲ್ಲಿ. ಜಪಾನಿನ ಕಾಮಿಯೋಕಾ ಸತುವಿನ ಗಣಿ, ಇಂಗ್ಲೆಂಡಿನ ಬೌಲ್ಬಿ ಪೊಟ್ಯಾಷ್ ಗಣಿ. ಅಮೆರಿಕದ ಮಿನ್ನೆಸೋಟಾದ ಸೂಡಾನ್ ನಮ್ಮ ಸಂಡೂರಿನ ಹಾಗೆ ಕಬ್ಬಿಣದ ಅದಿರಿನ ಗಣಿ; ಅದರ ತಳದಲ್ಲಿ ಜರ್ಮೇನಿಯಂ ಹರಳುಗಳನ್ನು ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಸಣ್ಣ ಪಾಲಿನಷ್ಟು ಮಾತ್ರ ಮೇಲಿನ ತಾಪಕ್ಕೆ ತಣಿಸಿ, ಒಂದೇ ಒಂದು ಡಿಕ್ಕಿಯ ಶಾಖವನ್ನು ಅಳೆಯಲು ವರ್ಷಗಟ್ಟಲೆ ಕಾದಿದ್ದರು.

ಕೆಳಗಿಳಿದರೆ ಇನ್ನೊಂದು ತೊಂದರೆ. ಮೇಲಿನ ಸದ್ದನ್ನು ತಡೆಯುವ ಬಂಡೆಗೇ ಅದರದೇ ಆದ ಸದ್ದಿದೆ. ಆನೆಗೊಂದಿಯ ಗುಂಡುಗಳಿಂದ ಬಳ್ಳಾರಿಯ ಕೋಟೆ ಬೆಟ್ಟದವರೆಗೆ ನಮ್ಮ ಕಣ್ಣಿಗೆ ಬೀಳುವ ಗ್ರಾನೈಟ್‌ನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿವೆ. ನಮ್ಮ ಆರೋಗ್ಯಕ್ಕೆ ಲೆಕ್ಕಕ್ಕಿಲ್ಲದಷ್ಟು ಅಲ್ಪವಾದರೂ ಇಂಥ ಶೋಧಕಕ್ಕೆ ಅದು ಕಿವಿಗಡಚಿಕ್ಕುವ ಸದ್ದು. ಆದ್ದರಿಂದ ಶೋಧಕವನ್ನು ದೊಡ್ಡ ನೀರಿನ ತೊಟ್ಟಿಯೊಳಗೆ ಮುಳುಗಿಸಿ ಇಡುತ್ತಾರೆ. ಬಂಡೆಯಿಂದ ಬರುವ ಕಿರಣಗಳನ್ನು ನೀರು ಹೀರಿಕೊಳ್ಳುತ್ತದೆ.

ಆಮೇಲೆ ಬರುವುದು ಲೋಹಗಳ ಸರದಿ. ಊದುಕುಲುಮೆಯ ಒಳಗೋಡೆಯ ಇಟ್ಟಿಗೆ ಎಷ್ಟು ಸವೆದಿದೆ ಎಂದು ತಿಳಿಯಲು ಅದರಲ್ಲಿ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತುವನ್ನು ಹುದುಗಿಸುವ ಪದ್ಧತಿ ಜಗತ್ತಿನ ಹಲವೆಡೆ ಇತ್ತು. ಅದು ಸವೆದು ಉಕ್ಕಿನಲ್ಲಿ ಸೇರಿತು. 1945ರ ನಂತರ ಅಣುಬಾಂಬ್ ಪರೀಕ್ಷೆಗಳ ಧೂಳೂ ಗಾಳಿಯಿಂದ ಕುಲುಮೆಗೆ ಇಳಿಯಿತು. ಸೇತುವೆಗೆ, ರೈಲಿಗೆ ಇದರಿಂದ ಏನೂ ಆಗುವುದಿಲ್ಲ; ಕಪ್ಪು ದ್ರವ್ಯದ ಶೋಧಕಕ್ಕೆ ಆಗುತ್ತದೆ. ಹಾಗಾಗಿ ಹೋಮ್‌ಸ್ಟೇಕ್‌ನಲ್ಲಿ ಕ್ಸೆನಾನ್ ತುಂಬಿದ ಪಾತ್ರೆಯನ್ನು ಆಯ್ದ ಟೈಟಾನಿಯಂನಿಂದ ಮಾಡಿದರು. ಸೀಸದ ಕಥೆ ಇನ್ನೂ ಸೊಗಸು. ಹೊಸದಾಗಿ ಕರಗಿಸಿದ ಸೀಸದಲ್ಲಿ ವಿಕಿರಣಶೀಲವಾದ ಸೀಸ-210 ಇರುತ್ತದೆ. ಅದರ ಅರ್ಧಾಯು, ಅಂದರೆ ಇದ್ದದ್ದು ಕ್ಷಯಿಸಿ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 22 ವರ್ಷ. ಎರಡು ಸಾವಿರ ವರ್ಷ ಹಳೆಯ ಸೀಸದಲ್ಲಿ ಅದು ಪೂರ್ತಿ ಕರಗಿ ಹೋಗಿರುತ್ತದೆ. ಸಾರ್ಡೀನಿಯಾ ದ್ವೀಪದ ಬಳಿ ಮುಳುಗಿದ್ದ ರೋಮನ್ ಹಡಗಿನ ಸೀಸದ ಗಟ್ಟಿಗಳು ಗ್ರಾನ್ ಸಾಸ್ಸೊದ ಸೂಕ್ಷ್ಮ ಪ್ರಯೋಗವೊಂದಕ್ಕೆ ಕವಚವಾದದ್ದು ಹೀಗೆ.

ಕ್ಸೆನಾನ್ ಕೂಡ ಪೂರ್ತಿ ನಿರ್ದೋಷಿಯಲ್ಲ. ಗಾಳಿಯಿಂದ ತೆಗೆದದ್ದಾದ್ದರಿಂದ ಅದರ ಜೊತೆ ಕ್ರಿಪ್ಟಾನ್ ಅಂಟಿಕೊಂಡು ಬರುತ್ತದೆ. ಪರಮಾಣು ಇಂಧನವನ್ನು ಸಂಸ್ಕರಿಸುವ ಘಟಕಗಳಿಂದ ಹೊರಬಂದ ವಿಕಿರಣಶೀಲ ಕ್ರಿಪ್ಟಾನ್-85 ಇಂದು ಎಲ್ಲರ ಗಾಳಿಯಲ್ಲೂ ಇದೆ. ಅದನ್ನು ಇದ್ದಿಲಿನ ಮೂಲಕ ಹಾಯಿಸಿ ಸೋಸಿ ತೆಗೆದ ಮೇಲೆಯೇ ಕ್ಸೆನಾನ್ ಗಣಿಗೆ ಇಳಿಯಿತು.

ಈಗ ಆ ಪಾತ್ರೆಯ ಒಳಗೆ ಹೋಗೋಣ. ಸುಮಾರು ಒಂದೂವರೆ ಮೀಟರ್ ಎತ್ತರ, ಅಷ್ಟೇ ಅಗಲದ ಜಾಗ. ಅದರಲ್ಲಿ ಸೊನ್ನೆಗಿಂತ ಹೆಚ್ಚುಕಡಿಮೆ ನೂರು ಡಿಗ್ರಿ ಕೆಳಗಿನ, ನೀರಿಗಿಂತ ಮೂರು ಪಟ್ಟು ಸಾಂದ್ರವಾದ ಏಳು ಟನ್ ದ್ರವ ಕ್ಸೆನಾನ್. ಮಿಕ್ಕ ಮೂರು ಟನ್ ಅದರ ಸುತ್ತಮುತ್ತ. ಪೂರ್ತಿ ಕತ್ತಲು. ಮೇಲೆ ಮತ್ತು ಕೆಳಗೆ ಸೇರಿ 494 ಬೆಳಕಿನ ಸಂವೇದಕಗಳು ಕಾದಿವೆ. ಕಣವೊಂದು ಬಂದು ಕ್ಸೆನಾನ್‌ಗೆ ತಾಗಿತು ಎನ್ನಿ. ತಾಗಿದ ಜಾಗದಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಮಿಂಚೊಂದು ಹೊಮ್ಮುತ್ತದೆ. ಇದು ಮೊದಲ ಸಂಕೇತ. ಜೊತೆಗೇ ಕೆಲವು ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ಪಾತ್ರೆಯಲ್ಲಿರುವ ವಿದ್ಯುತ್ ಕ್ಷೇತ್ರ ಅವನ್ನು ಮೇಲಕ್ಕೆ ಎಳೆಯುತ್ತದೆ. ಒಂದು ಮಿಲಿಸೆಕೆಂಡಿನೊಳಗೆ ಅವು ದ್ರವದ ಮೇಲಿರುವ ತೆಳು ಅನಿಲದ ಪದರಕ್ಕೆ ಬಂದು, ಅಲ್ಲಿ ಇನ್ನೊಂದು ಮಿಂಚು ಹೊಡೆಯುತ್ತದೆ. ಎರಡು ಮಿಂಚುಗಳ ನಡುವಿನ ಸಮಯದಿಂದ ಡಿಕ್ಕಿ ಎಷ್ಟು ಆಳದಲ್ಲಿ ಆಯಿತು ಎಂದೂ, ಮೇಲಿನ ಯಾವ ಸಂವೇದಕಗಳು ಬೆಳಗಿದವು ಎಂಬುದರಿಂದ ಎಡಕ್ಕೋ ಬಲಕ್ಕೋ ಎಂದೂ ತಿಳಿಯುತ್ತದೆ.

ಇಷ್ಟೇ ಆಗಿದ್ದರೆ ಸಾಲುತ್ತಿರಲಿಲ್ಲ. ಈ ವಿಧಾನದ ಜಾಣತನ ಇರುವುದು ಎರಡು ಮಿಂಚುಗಳ ಅನುಪಾತದಲ್ಲಿ. ಸಾಮಾನ್ಯ ವಿಕಿರಣ ಪರಮಾಣುವಿನ ಎಲೆಕ್ಟ್ರಾನ್‌ಗೆ ಹೊಡೆಯುತ್ತದೆ, ವಿಂಪ್ ನ್ಯೂಕ್ಲಿಯಸ್‌ಗೆ. ಎಲೆಕ್ಟ್ರಾನ್‌ಗೆ ಬಿದ್ದ ಪೆಟ್ಟಿನಲ್ಲಿ ಎರಡನೆಯ ಮಿಂಚು ಮೊದಲನೆಯದಕ್ಕೆ ಹೋಲಿಸಿದರೆ ದೊಡ್ಡದು. ನ್ಯೂಕ್ಲಿಯಸ್‌ಗೆ ಬಿದ್ದದ್ದಾದರೆ ಚಿಕ್ಕದು. ಹೀಗೆ ಪೆಟ್ಟು ಯಾರಿಗೆ ಬಿತ್ತು ಎಂಬುದೇ ಗೊತ್ತಾಗುತ್ತದೆ. ನ್ಯೂಟ್ರಾನ್ ಕೂಡ ವಿಂಪ್‌ನ ಹಾಗೆ ನ್ಯೂಕ್ಲಿಯಸ್‌ಗೆ ಹೊಡೆಯಬಹುದು, ಆದರೆ ಅದು ಸಾಮಾನ್ಯವಾಗಿ ಎರಡು ಮೂರು ಕಡೆ ಡಿಕ್ಕಿ ಹೊಡೆದೇ ಹೋಗುತ್ತದೆ. ವಿಂಪ್ ಒಮ್ಮೆ ತಾಗಿದರೆ ಅದೇ ದೊಡ್ಡದು; ಎರಡನೇ ಸಲ ತಾಗುವ ಸಂಭವ ಇಲ್ಲವೆಂದೇ ಹೇಳಬೇಕು.

2024ರ ಆಗಸ್ಟ್‌ನಲ್ಲಿ ಲಕ್ಸ್-ಜೆಪ್ಲಿನ್ ತಂಡ 280 ದಿನಗಳ ಫಲಿತಾಂಶ ಮುಂದಿಟ್ಟಿತು. ವಿಂಪ್ ಇಲ್ಲ. ಪತ್ರಿಕೆಗಳಲ್ಲಿ ಇಂಥ ಸುದ್ದಿ ‘ವಿಫಲ’ ಎಂಬ ತಲೆಬರಹದಲ್ಲಿ ಬಂದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕಣದ ಭಾರ ಇಷ್ಟಿದ್ದು, ಅದು ನ್ಯೂಕ್ಲಿಯಸ್‌ಗೆ ತಾಗುವ ಸಂಭವ ಇಷ್ಟಿದ್ದರೆ ಇಷ್ಟು ದಿನದಲ್ಲಿ ಇಷ್ಟು ಮಿಂಚು ಕಾಣಲೇಬೇಕಿತ್ತು ಎಂಬ ಲೆಕ್ಕ ಮೊದಲೇ ಇರುತ್ತದೆ. ಕಾಣದಿದ್ದಾಗ ಅಂಥ ಕಣ ಇಲ್ಲ ಎಂದು ಖಚಿತವಾಗಿ ಹೇಳಬಹುದು. ಹಲವು ಸಿದ್ಧಾಂತಗಳು ಹೀಗೆ ಬಿದ್ದಿವೆ. 1987ರಲ್ಲಿ ಪ್ರಕಟವಾದ ಮೊದಲ ಹುಡುಕಾಟವೂ ಇದೇ ಹೋಮ್‌ಸ್ಟೇಕ್ ಗಣಿಯಲ್ಲಿ, ಒಂದು ಸಣ್ಣ ಜರ್ಮೇನಿಯಂ ಶೋಧಕದಿಂದ ನಡೆದದ್ದು. ಅಂದು ಸಾಧ್ಯವೆಂದು ಉಳಿದಿದ್ದ ಎಷ್ಟೋ ಕಣಗಳು ಇಂದು ಲೆಕ್ಕದಿಂದ ಹೊರಗೆ ಹೋಗಿವೆ.

ಹುಡುಕುವಾಗ ಬೇರೇನೋ ಸಿಗುವುದೂ ಉಂಟು. ಗ್ರಾನ್ ಸಾಸ್ಸೊದ ಕ್ಸೆನಾನ್-1ಟಿ ಪ್ರಯೋಗ 2019ರಲ್ಲಿ ಕ್ಸೆನಾನ್-124 ಎಂಬ ಪರಮಾಣು ತಾನಾಗಿ ಕ್ಷಯಿಸುವುದನ್ನು ಹಿಡಿಯಿತು; ಅದರ ಅರ್ಧಾಯು ವಿಶ್ವದ ವಯಸ್ಸಿನ ಲಕ್ಷ ಕೋಟಿ ಪಟ್ಟಿಗಿಂತಲೂ ಹೆಚ್ಚು. ಅದೇ ಪ್ರಯೋಗದಲ್ಲಿ 2020ರಲ್ಲಿ ಒಂದು ಸಂಭ್ರಮವೂ ಎದ್ದಿತು. 232ರಷ್ಟು ಘಟನೆಗಳು ಇರಬೇಕಾದ ಕಡೆ 285 ಕಂಡವು. ಹೊಸ ಕಣವೇ ಇರಬಹುದೆಂದು ಲೇಖನಗಳ ಸುರಿಮಳೆಯಾಯಿತು. ಆದರೆ ತಂಡದವರು ಅಂದೇ, ಇದು ಟ್ರಿಟಿಯಂ ಎಂಬ ಹೈಡ್ರೋಜನ್‌ನ ಬೆರಕೆಯಿಂದಲೂ ಆಗಿರಬಹುದು ಎಂದು ಬರೆದಿದ್ದರು. ಅದಕ್ಕಿಂತ ದೊಡ್ಡದೂ ಶುದ್ಧವೂ ಆದ ಕ್ಸೆನಾನ್-ಎನ್‌ಟಿ 2022ರಲ್ಲಿ ನೋಡಿದಾಗ ಹೆಚ್ಚುವರಿ ಘಟನೆಗಳು ಮಾಯವಾಗಿದ್ದವು.

ಮಾಯವಾಗದೆ ಉಳಿದ ಒಂದು ದಾವೆಯೂ ಇದೆ. ಅದೇ ಗ್ರಾನ್ ಸಾಸ್ಸೊದ ಡಾಮಾ ಪ್ರಯೋಗದ್ದು. ಭೂಮಿ ಸೂರ್ಯನನ್ನು ಸುತ್ತುವ ವೇಗ ಸೆಕೆಂಡಿಗೆ 30 ಕಿಲೋಮೀಟರ್. ಜೂನ್ ಆರಂಭದಲ್ಲಿ, ಅಂದರೆ ನಮ್ಮಲ್ಲಿ ರೋಹಿಣಿ ಮಳೆಯ ಹೊತ್ತಿಗೆ, ಈ ವೇಗದ ಒಂದು ಪಾಲು ಸೂರ್ಯನ ಓಟಕ್ಕೆ ಕೂಡುತ್ತದೆ, ಡಿಸೆಂಬರಿನಲ್ಲಿ ಕಳೆಯುತ್ತದೆ. ಹಾಗಾಗಿ ಕಪ್ಪು ದ್ರವ್ಯದ ಡಿಕ್ಕಿಗಳೂ ಜೂನಿನಲ್ಲಿ ತುಸು ಹೆಚ್ಚಿ ಡಿಸೆಂಬರಿನಲ್ಲಿ ಇಳಿಯಬೇಕು. ತಮ್ಮ ಸೋಡಿಯಂ ಅಯೋಡೈಡ್ ಹರಳುಗಳಲ್ಲಿ ಇಂಥ ಏರಿಳಿತವನ್ನು ಕಾಣುತ್ತಿದ್ದೇವೆ ಎಂದು ಡಾಮಾ ತಂಡ 1990ರ ದಶಕದ ಕೊನೆಯಿಂದ ಹೇಳುತ್ತ ಬಂದಿದೆ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ವರ್ಷಕ್ಕೊಮ್ಮೆ ಏರಿಳಿಯುವ ಸಂಗತಿಗಳು ಭೂಮಿಯ ಮೇಲೆ ಎಷ್ಟಿಲ್ಲ? ತಾಪ, ತೇವ, ಆಕಾಶದ ಮ್ಯುಯಾನ್‌ಗಳು ಸಹ ಋತುವಿನ ಜೊತೆ ಬದಲಾಗುತ್ತವೆ. ಹೀಗಾಗಿ ಅದೇ ಬಗೆಯ ಹರಳುಗಳನ್ನು ಬೇರೆಯವರು ಬೇರೆ ಜಾಗದಲ್ಲಿಟ್ಟು ನೋಡಬೇಕಿತ್ತು. ದಕ್ಷಿಣ ಕೊರಿಯಾದ ಕೊಸೈನ್-100 ಮತ್ತು ಸ್ಪೇನಿನ ಅನೈಸ್-112 ಅದನ್ನೇ ಮಾಡಿದವು. ಎರಡಕ್ಕೂ ಆ ಏರಿಳಿತ ಕಾಣಲಿಲ್ಲ. ಡಾಮಾ ಕಂಡದ್ದು ಕಪ್ಪು ದ್ರವ್ಯವಲ್ಲ ಎಂದೇ ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಎರಡು ಸ್ವತಂತ್ರ ಪ್ರಯೋಗಗಳು ಕಾಣದ್ದನ್ನು ಒಪ್ಪಲು ಕಾರಣ ಉಳಿದಿಲ್ಲ.

ಇಷ್ಟಾದರೂ ವಿಂಪ್ ಸಿಗದಿರುವಾಗ, ಕಣ ಭಾರವೇ ಇರಬೇಕೆಂದು ಹಟ ಹಿಡಿಯುವುದೇಕೆ ಎಂಬ ಪ್ರಶ್ನೆ ಬಲವಾಗಿದೆ. ಆಕ್ಸಿಯಾನ್ ಎಂಬ ಇನ್ನೊಂದು ಕಾಲ್ಪನಿಕ ಕಣ ಎಲೆಕ್ಟ್ರಾನ್‌ಗಿಂತ ಕೋಟ್ಯಂತರ ಪಟ್ಟು ಹಗುರ. ಅದು ಡಿಕ್ಕಿ ಹೊಡೆದು ಯಾವುದನ್ನೂ ಅಲುಗಿಸಲಾರದು. ಆದರೆ ಬಲವಾದ ಕಾಂತಕ್ಷೇತ್ರದಲ್ಲಿ ಅದು ರೇಡಿಯೋ ಅಲೆಯಾಗಿ ಬದಲಾಗಬಲ್ಲದು ಎಂದು 1983ರಲ್ಲಿ ಪಿಯರ್ ಸಿಕಿವಿ ತೋರಿಸಿದರು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿರುವ ಎಡಿಎಂಎಕ್ಸ್ ಇದನ್ನೇ ನೆಚ್ಚಿದ ಪ್ರಯೋಗ. ಅತಿ ತಣ್ಣನೆಯ ತಾಮ್ರದ ಹೊದಿಕೆಯ ಪೆಟ್ಟಿಗೆ, ಸುತ್ತ ದೊಡ್ಡ ಕಾಂತ. ಒಳಗಿನ ಸರಳುಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದೊಂದೇ ಆವರ್ತನಕ್ಕೆ ಶ್ರುತಿ ಮಾಡಿ ಆಲಿಸುತ್ತಾರೆ. 2018ರಲ್ಲಿ ಅವರು ಆಲಿಸಿ ಮುಗಿಸಿದ್ದು 645ರಿಂದ 680 ಮೆಗಾಹರ್ಟ್ಸ್‌ವರೆಗಿನ ಪಟ್ಟಿ. ಯಾವ ಆವರ್ತನದಲ್ಲಿ ಆಕ್ಸಿಯಾನ್ ಇದೆಯೋ ಯಾರಿಗೂ ಗೊತ್ತಿಲ್ಲದ ಕಾರಣ ಪೂರ್ತಿ ಪಟ್ಟಿ ಮುಗಿಸಲು ಇನ್ನೂ ಬಹಳ ಕಾಲ ಬೇಕು. ಜಿನೀವಾದ ಬಳಿಯ ಸರ್ನ್ ಎಂಬ ಕಣ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸಿ, ಚೂರುಗಳ ಲೆಕ್ಕದಲ್ಲಿ ಕಾಣೆಯಾದ ಶಕ್ತಿಗಾಗಿ ನೋಡುವವರೂ ಇದ್ದಾರೆ. ಅಲ್ಲಿ ಕಪ್ಪು ದ್ರವ್ಯವನ್ನು ಹಿಡಿಯುವುದಕ್ಕಿಂತ ಹುಟ್ಟಿಸುವ ಪ್ರಯತ್ನ.

ಕ್ಸೆನಾನ್ ಶೋಧಕಗಳಿಗೆ ಈಗ ಹೊಸ ಎಲ್ಲೆಯೊಂದು ಎದುರಾಗಿದೆ. ಸೂರ್ಯನ ಒಡಲಿನಿಂದ ಬರುವ ನ್ಯೂಟ್ರಿನೋ ಎಂಬ ಅತಿ ಹಗುರ ಕಣಗಳನ್ನು ಯಾವ ಬಂಡೆಯೂ ತಡೆಯುವುದಿಲ್ಲ. ಅವು ಕ್ಸೆನಾನ್‌ಗೆ ತಾಗಿದರೆ ಹಗುರ ವಿಂಪ್ ತಾಗಿದ ಹಾಗೆಯೇ ಕಾಣುತ್ತದೆ. 2024ರಲ್ಲಿ ಕ್ಸೆನಾನ್-ಎನ್‌ಟಿ ಮತ್ತು ಚೀನಾದ ಪಾಂಡಾಎಕ್ಸ್-4ಟಿ ಎರಡೂ ಅವುಗಳ ಮೊದಲ ಸುಳಿವನ್ನು ಕಂಡವು. ಸಾಧನಗಳು ಇಷ್ಟು ಸೂಕ್ಷ್ಮವಾದದ್ದು ಹೆಮ್ಮೆಯೇ ಸರಿ, ಆದರೆ ಇದರಾಚೆ ವಿಂಪ್ ಹುಡುಕುವುದು ದುಪ್ಪಟ್ಟು ಕಷ್ಟ.

ನೆಲದಡಿಯ ಭೌತಶಾಸ್ತ್ರದಲ್ಲಿ ಕರ್ನಾಟಕ ಒಂದು ಕಾಲಕ್ಕೆ ಜಗತ್ತಿನ ಮುಂಚೂಣಿಯಲ್ಲಿತ್ತು. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದವರಲ್ಲಿ ಭಾರತೀಯರಿದ್ದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡ ಅದನ್ನೇ ಕಂಡಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು, ಸುರಂಗಗಳಲ್ಲಿ ನೀರು ತುಂಬಿತು. ಆ ನಷ್ಟವನ್ನು ನಾವು ಸಾಕಷ್ಟು ದುಃಖಿಸಿಲ್ಲ. 2017ರಲ್ಲಿ ಜಾರ್ಖಂಡಿನ ಜಾದುಗುಡದ ಯುರೇನಿಯಂ ಗಣಿಯಲ್ಲಿ, 555 ಮೀಟರ್ ಆಳದಲ್ಲಿ, ಭೂಗತ ಪ್ರಯೋಗಾಲಯವೊಂದು ಶುರುವಾಯಿತು. ಅಲ್ಲಿನ ಇಂಡೆಕ್ಸ್ ಪ್ರಯೋಗದಲ್ಲಿ ಕುದಿಯುವ ಬಿಂದುವನ್ನು ದಾಟಿಯೂ ಕುದಿಯದೆ ನಿಂತ ದ್ರವದ ಹನಿಗಳನ್ನು ಇಡುತ್ತಾರೆ. ನ್ಯೂಕ್ಲಿಯಸ್‌ಗೆ ಪೆಟ್ಟು ಬಿದ್ದರೆ ಹನಿ ಒಮ್ಮೆಲೇ ಗುಳ್ಳೆಯಾಗುತ್ತದೆ, ಆ ಗುಳ್ಳೆಯ ಸದ್ದನ್ನು ಸಂವೇದಕ ಹಿಡಿಯುತ್ತದೆ. ಗಣಿಯ ಕೆಲಸ ನಿಲ್ಲಿಸದೆಯೇ ವಿಜ್ಞಾನಕ್ಕೆ ಒಂದು ಕೋಣೆ ಕೊಡಬಹುದೆಂಬುದಕ್ಕೆ ಇದು ಸಾಕ್ಷಿ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಶಾಫ್ಟ್ ಇದೆ, ಇಳಿಯುವ ಪಂಜರವಿದೆ, ಗಾಳಿಯ ವ್ಯವಸ್ಥೆ ಇದೆ, ನೀರು ಹೊರಹಾಕುವ ಪಂಪುಗಳಿವೆ, ಆ ಆಳವನ್ನು ಬಲ್ಲ ಕಾರ್ಮಿಕರಿದ್ದಾರೆ. ಹಟ್ಟಿ-ಮಸ್ಕಿ ಪಟ್ಟಿಯ ಕಪ್ಪು ಹಸಿರು ಬಂಡೆ ಹಳೆಯ ಬಸಾಲ್ಟ್ ರೂಪಾಂತರಗೊಂಡದ್ದು; ಇಂಥ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಸಾಮಾನ್ಯವಾಗಿ ಗ್ರಾನೈಟ್‌ಗಿಂತ ಕಡಿಮೆ. ಹತ್ತು ಟನ್ ಕ್ಸೆನಾನ್ ಇಲ್ಲಿಗೆ ಬರಲಿ ಎಂದು ನಾನು ಕೇಳುತ್ತಿಲ್ಲ. ವಿಶ್ವಕಿರಣಗಳ ವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರಕ್ಕೆ ಇಳಿದಾಗ ಮಾಡಿದ್ದು ಬೇರೆ ಬೇರೆ ಆಳಗಳಲ್ಲಿ ಮ್ಯುಯಾನ್‌ಗಳನ್ನು ಎಣಿಸುವ ಕೆಲಸ. ಅದೇ ಕೆಲಸ ಹಟ್ಟಿಯಲ್ಲೂ ಆಗಲಿ. ಕಣ ಹಾಯ್ದರೆ ಮಿನುಗುವ ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು, ಅವುಗಳಿಗೆ ಬೆಳಕಿನ ಸಂವೇದಕಗಳು, ಒಂದು ಸಣ್ಣ ಕಂಪ್ಯೂಟರ್, ಬಂಡೆಯಿಂದ ಒಸರುವ ವಿಕಿರಣಶೀಲ ಅನಿಲವಾದ ರೇಡಾನ್‌ಗೆ ಒಂದು ಮಾಪಕ. ಲಿಂಗಸುಗೂರು, ಕುಷ್ಟಗಿ, ಬಳ್ಳಾರಿಯ ಎಂ.ಎಸ್ಸಿ. ವಿದ್ಯಾರ್ಥಿಗಳು ಗಣಿಯ ಒಂದೊಂದು ಲೆವೆಲ್‌ನಲ್ಲೂ ಅವನ್ನಿಟ್ಟು ಅಳೆದರೆ, ಆ ಬಂಡೆಯ ಅಡಿಯಲ್ಲಿ ಎಷ್ಟು ನಿಶ್ಶಬ್ದವಿದೆ ಎಂಬುದು ಅಂಕಿಗಳಲ್ಲಿ ಗೊತ್ತಾಗುತ್ತದೆ. ಯಾವ ಶೋಧಕವನ್ನು ಅಲ್ಲಿ ಇಡಬಹುದು, ಯಾವುದನ್ನು ಇಡಲಾಗದು ಎಂಬ ಮಾತು ಆ ಅಂಕಿಗಳು ಬಂದ ಮೇಲಿನದು.